ಸೀಸೆಯ ಹೊಟ್ಟೆಯಲ್ಲಿ

ಸೀಸೆ ಡಿಸೆಂಬರಿನದು.
ಪ್ಲೊವ್ದಿವ್‌ನ ಹಳೇ ತಂಬಾಕಿನ ಗೋದಾಮು, ಮೂರನೇ ಮಹಡಿ,
ಹೀಟರು ಕೆಟ್ಟು ಎರಡು ದಿನ;
ಬೆರಳ ತುದಿ ಕತ್ತರಿಸಿದ ಕೈಗವಸು ಹಾಕಿಕೊಂಡೇ
ಕ್ರುಮ್ ಗುಂಡಿ ಒತ್ತಿದ್ದ.
ಮೈಮೇಲಿನ ಹನಿ ನೀರಲ್ಲ, ಗ್ಲಿಸರಿನ್;
ಹೇಳಿದ ಕಡೆ ನಿಲ್ಲುತ್ತದೆ, ಜಾರುವುದಿಲ್ಲ.
ಗುಲಾಬಿ ಮೇ ತಿಂಗಳದು, ಕಾರ್ಲೊವೊ ಬಯಲಿನದು.
ಕತ್ತು ಯಾರದೋ. ಚಿತ್ರ ಮಾರುವವರಲ್ಲಿ
ದುಡ್ಡು ಕೊಟ್ಟು ತಂದದ್ದು, ಜೊತೆಗೆ ಮುಖ ಬರಲಿಲ್ಲ.
ಆಕಾಶ ಮಾತ್ರ ನನ್ನ ಸ್ವಂತದ್ದು:
ಬಸ್ಸಿನ ಮುಂದಿನ ಸೀಟಿನಿಂದ ಹಿಡಿದದ್ದು,
ಮೂಲೆಯಲ್ಲಿ ಒಂದು ವೈಪರು.

ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುವುದಂತೆ.
ನನ್ನ ಮೇಜಿನ ಮೇಲೆ ಹಾಗಿಲ್ಲ.
ಮೊದಲು ಹೋಗುವುದೇ ನಾರು,
ಆಮೇಲೆ ಮುಳ್ಳು, ಆಮೇಲೆ ದಳದಂಚಿನ ಕಂದು,
ಕೊನೆಗೊಂದು ಹೇನಿನಂಥ ಹಸಿರು ಹುಳ.
ಅದು ಎಷ್ಟು ನೆಮ್ಮದಿಯಿಂದ ತಿನ್ನುತ್ತಿತ್ತೆಂದರೆ
ಅಳಿಸುವ ಮುನ್ನ ಕಾಫಿ ತರಲು ಎದ್ದುಹೋದೆ.

ನಾಲ್ಕು ಪಟ್ಟು ಹಿಗ್ಗಿಸಿದಾಗ
ಸೀಸೆಯ ಹೊಟ್ಟೆಯಲ್ಲಿ ಕ್ರುಮ್ ಸಿಕ್ಕಿದ,
ಸೌತೆಕಾಯಿಯ ಹಾಗೆ ಬಾಗಿ, ಕಿರುಬೆರಳಷ್ಟು.
ಅವನ ಹಿಂದೆ ಇನ್ನೂ ಬಾಗಿ
ಬಿಳೀ ಹಲಗೆ ಎತ್ತಿಹಿಡಿದು ನಿಂತ ನಾನು.
ಕನ್ನಡಿಯೊಳಗಿನ ಗಂಟು; ಯಾರು ಬಿಚ್ಚಿಯಾರು?
ಒರೆಸಿದೆ. ಅವನನ್ನು ಬೇಗ, ನನ್ನನ್ನು ನಿಧಾನವಾಗಿ.

ಒಂದು ಮಾತು ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ:
ಹೋದ ವರ್ಷದ ಹಿಂದಿನ ಚಳಿಗಾಲದ ಜ್ವರ
ನನ್ನ ಮೂಗನ್ನು ಒಯ್ದಿದೆ.
ಅತ್ತರಿನಲ್ಲಿ ಅದ್ದಿದ ಕಾಗದದ ಪಟ್ಟಿ ಮುಂದೆ ಹಿಡಿದಾಗ
ಕಣ್ಣು ಮುಚ್ಚಿ, ಸರಿಯಾಗಿ ಮೂರೆಣಿಸಿ, ಆಹಾ ಅಂದಿದ್ದೆ.
ನೆನಪಿನಲ್ಲಿ ತಡಕಿದರೆ ಸಿಗುತ್ತವೆ
ಭಟ್ಟಿಮನೆಯ ತಾಮ್ರ, ಒದ್ದೆ ಗೋಣಿ, ತಾತನ ಕೋಟು.
ಗುಲಾಬಿ ಇದ್ದ ಜಾಗದಲ್ಲಿ
ಗುಲಾಬಿ ಬಣ್ಣ.

ಗುರುವಾರ ದೆಸಿಸ್ಲಾವಾ ಬಂದಳು ಪರೀಕ್ಷೆಗೆ.
ದೂರದಿಂದ ನೋಡಿದಳು, ಕಣ್ಣು ಕಿರಿದು ಮಾಡಿ ನೋಡಿದಳು,
"ತಲೆಕೆಳಗು ಮಾಡು" ಅಂದಳು.
ತಲೆಕೆಳಗಾದ ಚಿತ್ರದಿಂದ ಸುಳ್ಳು
ಜೇಬಿನ ಚಿಲ್ಲರೆಯ ಹಾಗೆ ಉದುರುತ್ತದೆ.
"ಸೀಸೆಗೆ ಎಡದ ಬೆಳಕು, ಕತ್ತಿಗೆ ಬಲದ್ದು.
ನಿಮ್ಮಲ್ಲಿ ಎರಡು ಸೂರ್ಯರೇನು?
ಕೂದಲು ಹಾರುತ್ತಿದೆ, ದಳ ನೆಟ್ಟಗೆ ಬೀಳುತ್ತಿದೆ,
ಗಾಳಿ ಯಾರ ಮನೆಯದು?"
ಕತ್ತನ್ನು ಮಗುಚಿದೆ. ಆ ಅಪರಿಚಿತೆಯ ಮಚ್ಚೆ
ಬಲದಿಂದ ಎಡಕ್ಕೆ ಬಂತು, ಅವಳಿಗೆ ತಿಳಿಯದೆ.
ದಳಗಳನ್ನು ಓರೆ ಮಾಡಿದೆ. ನಡುಹಗಲ ಚಿನ್ನ ಸುರಿದೆ.
"ಈಗ ನಿಜ" ಅಂದಳು.

ಭಾನುವಾರ ಪೆನ್ಕಾ ಅತ್ತೆ, ಗುಲಾಬಿ ಜಾಮಿನ ಬಾಟಲಿಯೊಂದಿಗೆ.
ನಲವತ್ತು ಮೇ ತಿಂಗಳು ಹೂ ಕಿತ್ತ ಕೈ,
ಕನ್ನಡಕಕ್ಕೆ ದಾರ.
ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿ
"ಇಷ್ಟು ಬಿಸಿಲೇರಿದ ಮೇಲೆ ಯಾವ ಪೆದ್ದಿ ಕಿತ್ತಳು?
ಎಣ್ಣೆಯೆಲ್ಲ ಹಾರಿಹೋಗಿರುತ್ತೆ.
ಈ ಹೂವಿನಲ್ಲಿ ವಾಸನೆಯೇ ಇಲ್ಲವಲ್ಲೇ."

ರಾತ್ರಿ ಕೂತು ಸೂರ್ಯನನ್ನು ಇಳಿಸಿದೆ.
ನಸುಕಿನ ಐದು ಗಂಟೆ: ನೀಲಿ ಬೂದಿ, ದಳದ ಮಡಿಕೆಯಲ್ಲಿ ಒದ್ದೆ,
ಕತ್ತಿನ ಮೇಲೆ ಎದ್ದ ನವಿರು.
ದೆಸಿಸ್ಲಾವಾ ಬರೆದಳು: ಚಳಿ ಹತ್ತುತ್ತದೆ. ಹಗಲನ್ನೇ ಕಳಿಸು.
ಕಳಿಸಿದೆ.
ನಸುಕು ಅದೇ ಕಡತದಲ್ಲಿದೆ, ಮಧ್ಯಾಹ್ನದ ಕೆಳಗಿನ ಪದರದಲ್ಲಿ,
ಕಣ್ಣು ಮುಚ್ಚಿ.

ಜಾಮು ಬ್ರೆಡ್ಡಿಗೆ ಹಚ್ಚಿ ತಿಂದೆ. ಸಿಹಿಯಿತ್ತು, ಅಷ್ಟೆ.

ಈಗ ಸೋಫಿಯಾದ ವಿಮಾನ ನಿಲ್ದಾಣದ ರಸ್ತೆಯಲ್ಲಿ
ಎರಡು ಮಹಡಿ ಎತ್ತರಕ್ಕೆ ನಿಂತಿದೆ ಅದು.
ಬಸ್ಸು ಸಿಗ್ನಲ್ಲಿಗೆ ನಿಂತಾಗ ಕಂಡೆ:
ಸೀಸೆಯ ಹೊಟ್ಟೆಯಲ್ಲಿ, ಕೆಳಗೆ, ಎಡಕ್ಕೆ,
ಒರೆಸಲು ಮರೆತ ಬಿಳೀ ಹಲಗೆಯ ಒಂದು ಮೂಲೆ,
ಅದನ್ನು ಹಿಡಿದ
ಎರಡು ಬೆರಳು.